ಬಿಲ್ಲಿಗೆ ಯಾವ ಮರ? ಒಂದೇ ಥರ ಕಾಣುವ ಮರಗಳನ್ನು ಗುರುತು ಹಿಡಿಯುವ ಬಗೆ



ಬಿಲ್ಲು ಎಂದರೆ ಬಗ್ಗಿಸಿದರೆ ಬಗ್ಗಿ, ಬಿಟ್ಟರೆ ಮತ್ತೆ ನೆಟ್ಟಗಾಗುವ ಕೋಲು. ಬರೀ ಬಗ್ಗಿದರೆ ಸಾಲದು. ಬಳ್ಳಿಯೂ ಬಗ್ಗುತ್ತೆ, ಆದರೆ ವಾಪಸ್ಸು ಬರಲ್ಲ. ಬರೀ ಗಟ್ಟಿ ಇದ್ದರೂ ಸಾಲದು. ಒಣಗಿದ ಜಾಲಿ ಕೋಲು ಬಹಳ ಗಟ್ಟಿ, ಆದರೆ ಬಗ್ಗಲ್ಲ. ಎರಡು ಗುಣವೂ ಇರುವ ಮರ ಕಡಿಮೆ. ಅಂಥ ಮರದ ಪಕ್ಕದಲ್ಲೇ ಅದರ ಹಾಗೇ ಕಾಣುವ ಬೇರೆ ಮರವೂ ನಿಂತಿರುತ್ತೆ. ಅದನ್ನು ಕಡಿದು ತಂದರೆ ಕೆಲಸವೂ ಕೆಡುತ್ತೆ, ಮರವೂ ದಂಡ. ಕೆಲವು ಗಿಡಗಳಿಂದ ಪ್ರಾಣಕ್ಕೇ ಅಪಾಯ.

ಈ ಸಲ ವಾರ್ಷಿಕೋತ್ಸವಕ್ಕೆ ನಮ್ಮ ತರಗತಿಯಿಂದ ಏಕಲವ್ಯನ ನಾಟಕ ಇದೆ. ಆರು ಬಿಲ್ಲು ಬೇಕು. ಹುಡುಗರೆಲ್ಲ ಆಗಲೇ ಮಚ್ಚು ಹುಡುಕುತ್ತಾ ಇದ್ದಾರೆ. ನಮ್ಮ ಮದ್ದೂರಿಗೆ ಹಿಂದೆ ಅರ್ಜುನಪುರಿ ಅಂತ ಹೆಸರಿತ್ತು ಎಂದು ಹಿರಿಯರು ಹೇಳುತ್ತಾರೆ. ಅರ್ಜುನನ ಊರಿನವರು ಬಿಲ್ಲಿನ ಮರ ಗೊತ್ತಿಲ್ಲ ಅನ್ನಬಾರದು. ಅದಕ್ಕೇ ನಮ್ಮ ತಾತನನ್ನೂ, ಊರಿನ ಮರಗೆಲಸದ ಆಚಾರ್ರನ್ನೂ ಕೇಳಿ, ವಿಜ್ಞಾನದ ಪುಸ್ತಕಗಳನ್ನೂ ನೋಡಿ ಇದನ್ನು ಬರೆದಿದ್ದೇನೆ. ಮಚ್ಚು ಎತ್ತುವ ಮೊದಲು ಎಲ್ಲರೂ ಓದಿ.

ಮೂರು ಗುರುತಿನ ನಿಯಮ

ಆಚಾರ್ರು ಹೇಳಿದ ಮೊದಲನೇ ಮಾತು ಇದು: "ಎಲೆ ಒಂದನ್ನೇ ನೋಡ್ಬಿಟ್ಟು ಇದು ಇಂಥಾ ಮರ ಅನ್ಬೇಡ ಕಣ್ ಮಗ. ಎಲೆ ಎಳೇದ್ರಲ್ಲಿ ಒಂಥರ, ಬಲ್ತ ಮೇಲೆ ಒಂಥರ."

ಆದ್ದರಿಂದ ಕನಿಷ್ಠ ಮೂರು ಗುರುತು ಕೂಡಿ ಬಂದರೆ ಮಾತ್ರ ಹೆಸರು ಹೇಳಬೇಕು. ನೋಡಬೇಕಾದವು ಇವು:

1. ಎಲೆ ಕಡ್ಡಿಯ ಮೇಲೆ ಹೇಗೆ ಕೂತಿದೆ? ಒಂದೊಂದಾಗಿಯೋ, ಎದುರುಬದುರಾಗಿಯೋ, ಒಂದೇ ಗೆಣ್ಣಲ್ಲಿ ಮೂರೋ?
2. ಎಲೆಯ ಬುಡದಿಂದ ಎಷ್ಟು ನರ ಹೊರಡುತ್ತೆ?
3. ತೊಗಟೆಯ ಬಣ್ಣ ಯಾವುದು? ನುಣುಪೋ, ಸೀಳುಸೀಳೋ, ಚಕ್ಕೆ ಏಳುತ್ತೋ?
4. ಎಲೆ ಮುರಿದರೆ ಹಾಲು ಬರುತ್ತಾ? ಉಜ್ಜಿದರೆ ವಾಸನೆ ಹೇಗಿದೆ?
5. ಹೂ, ಕಾಯಿ, ಮುಳ್ಳು ಹೇಗಿವೆ?

ಬೇಸಿಗೆಯಲ್ಲಿ ಎಲೆ ಉದುರಿದ್ದರೆ ತೊಗಟೆ ಮತ್ತು ಬುಡದಲ್ಲಿ ಬಿದ್ದ ಕಾಯಿ ನೋಡಬೇಕು. ಆದರೆ ಬಿದ್ದ ಎಲೆ ಪಕ್ಕದ ಮರದಿಂದ ಗಾಳಿಗೆ ಬಂದಿರಬಹುದು, ನಂಬಬೇಡಿ. ಮತ್ತು ಗೊತ್ತಿಲ್ಲದ ಗಿಡದ ಎಲೆಯನ್ನು ಬಾಯಲ್ಲಿ ಕಚ್ಚಿ ರುಚಿ ನೋಡಲೇಬಾರದು. ಯಾಕೆ ಎಂಬುದು ಮುಂದೆ ಬರುತ್ತೆ.

ಹೆಬ್ಬಿದಿರು ಮತ್ತು ಕಿರುಬಿದಿರು

ನಮ್ಮ ಕಡೆ ಬಿಲ್ಲಿಗೆ ಎಲ್ಲಕ್ಕಿಂತ ಒಳ್ಳೇದು ಬಿದಿರು. ಬಿದಿರು ನಿಜವಾಗಿ ಮರ ಅಲ್ಲ, ಹುಲ್ಲಿನ ಜಾತಿ. ಭತ್ತ, ರಾಗಿ, ಕಬ್ಬು ಎಲ್ಲ ಅದರ ನೆಂಟರು. ಬಿದಿರಿನಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಎರಡು ಜಾತಿ.

ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಗೆಣ್ಣುಗೆಣ್ಣಿಗೂ ಬಾಗಿದ ಮುಳ್ಳು ಇರುತ್ತೆ. ಕೈ ಹಾಕಲು ಆಗಲ್ಲ. ಗಳ ದಪ್ಪ, ಒಳಗೆ ದೊಡ್ಡ ಪೊಳ್ಳು. ಏಣಿ, ಚಪ್ಪರ, ಬುಟ್ಟಿಗೆ ಇದೇ ಬೇಕು. ಕಿರುಬಿದಿರಿಗೆ ಮುಳ್ಳಿಲ್ಲ. ಗಳ ಸಣ್ಣ, ಗೋಡೆ ದಪ್ಪ. ಒಣ ನೆಲದಲ್ಲಿ ಬೆಳೆದದ್ದಾದರೆ ಒಳಗೆ ಪೊಳ್ಳೇ ಇಲ್ಲವೇನೋ ಎಂಬಷ್ಟು ಗಟ್ಟಿ. ಲಾಠಿ, ದೊಣ್ಣೆ ಮಾಡುವುದು ಇದರಲ್ಲೇ.

ಕಿರುಬಿದಿರಾದರೆ ಇಡೀ ಗಳವನ್ನೇ ಬಿಲ್ಲು ಮಾಡಬಹುದು. ಹೆಬ್ಬಿದಿರಾದರೆ ಸೀಳಿ, ದಪ್ಪ ದಬ್ಬೆ ತೆಗೆದು ಮಾಡಬೇಕು. ಇಡೀ ಹೆಬ್ಬಿದಿರನ್ನು ಬಗ್ಗಿಸಿದರೆ ಪೊಳ್ಳು ಅಮುಕಿಕೊಂಡು ಉದ್ದಕ್ಕೆ ಸೀಳಿಬಿಡುತ್ತೆ. ಸಿಬಿರು ಕತ್ತಿಯ ಹಾಗೆ ಕೊಯ್ಯುತ್ತೆ.

ಒಂದೇ ಮೆಳೆಯಲ್ಲಿ ಎಳೇ ಗಳವೂ ಬಲಿತ ಗಳವೂ ಒಟ್ಟಿಗೇ ಇರುತ್ತವೆ. ಎಳೇದಕ್ಕೆ ಹಸಿರು ಹೆಚ್ಚು, ಮೇಲೆ ಬಿಳಿ ಪುಡಿ, ಗೆಣ್ಣಿನಲ್ಲಿ ಕಳಲೆಯ ಹಾಳೆ ಇನ್ನೂ ಅಂಟಿಕೊಂಡಿರುತ್ತೆ. ಅದು ಒಣಗಿದಾಗ ಸುಕ್ಕಾಗುತ್ತೆ, ಬಿಲ್ಲಿಗೆ ಬರಲ್ಲ. ಮೂರು ವರ್ಷದ ಗಳಕ್ಕೆ ಹಸಿರು ಮಾಸಿರುತ್ತೆ, ಮೈಮೇಲೆ ಬೂದು ಮಚ್ಚೆ ಇರುತ್ತೆ, ತಟ್ಟಿದರೆ ಟಣ್ ಎನ್ನುತ್ತೆ. ಅದನ್ನೇ ತೆಗೆದುಕೊಳ್ಳಬೇಕು. ಹೂ ಬಿಟ್ಟ ಬಿದಿರು ಬೇಡ. ಹೆಬ್ಬಿದಿರು ಸುಮಾರು 40ರಿಂದ 50 ವರ್ಷಕ್ಕೆ ಒಂದು ಸಲ ಹೂ ಬಿಟ್ಟು, ಬಿದಿರಕ್ಕಿ ಕೊಟ್ಟು, ಮೆಳೆಗೆ ಮೆಳೆಯೇ ಒಣಗಿಹೋಗುತ್ತೆ. ಆ ಗಳ ಪೆಡಸು.

ಇನ್ನೊಂದು ಮುಖ್ಯ ವಿಷಯ. ಬಿಲ್ಲು ಬಗ್ಗಿದಾಗ ಹೊರಮೈ ಎಳೆದ ಹಾಗಾಗುತ್ತೆ, ಒಳಮೈ ಒತ್ತಿದ ಹಾಗಾಗುತ್ತೆ. ಬಿದಿರಿನ ಸಿಪ್ಪೆಯ ಕಡೆ ನಾರು ದಟ್ಟವಾಗಿರುತ್ತೆ, ಎಳೆತ ತಡೆಯುತ್ತೆ. ಆದ್ದರಿಂದ ಸಿಪ್ಪೆಯ ಕಡೆ ಗುರಿಯತ್ತ ಇರಲಿ, ಒಳಗಡೆ ನಮ್ಮತ್ತ ಇರಲಿ. ಸಿಪ್ಪೆ ಹೆರೆಯಬಾರದು.

ಬೇವು ಮತ್ತು ಹೆಬ್ಬೇವು

ಇವೆರಡೂ ಹೆಸರಲ್ಲೂ ನೆಂಟರು, ಜಾತಿಯಲ್ಲೂ ನೆಂಟರು. ಈಗ ನಮ್ಮ ಜಿಲ್ಲೆಯ ಹೊಲಗಳ ಬದುವಿನಲ್ಲಿ ಹೆಬ್ಬೇವು ಬಹಳ ಹಾಕಿದ್ದಾರೆ. ಬೇಗ ಬೆಳೆಯುತ್ತೆ, ಪ್ಲೈವುಡ್ಡಿಗೆ ಹೋಗುತ್ತೆ. ನೆಟ್ಟಗೆ, ಗಂಟಿಲ್ಲದೆ ಬೆಳೆಯುವುದರಿಂದ ನೋಡಿದ ಕೂಡಲೇ ಬಿಲ್ಲಿಗೆ ಇದೇ ಸರಿ ಅನ್ನಿಸುತ್ತೆ. ಆದರೆ ಹಗುರ ಮರ. ಒಣಗಿದರೆ ಲಟಕ್ಕನೆ ಮುರಿಯುತ್ತೆ. ಹೋದ ವರ್ಷ ಬೇರೆ ಊರಿನ ಒಂದು ನಾಟಕದಲ್ಲಿ ನನ್ನ ಸೋದರಮಾವನ ಮಗನ ಕೈಯಲ್ಲಿ ಇಂಥದೇ ಬಿಲ್ಲು ಮುರಿದು, ಚೂರು ಹುಬ್ಬಿನ ಮೇಲೆ ಬಡಿಯಿತು. ಎರಡು ಹೊಲಿಗೆ ಬಿತ್ತು. ಒಂದು ಬೆರಳು ಕೆಳಗೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು. ಬೇವು ಅಂತ ಹೇಳಿ ಕೊಟ್ಟಿದ್ದರಂತೆ.

ಗುರುತು ಸುಲಭ. ಯುಗಾದಿಗೆ ತರುವ ಬೇವಿನ ಎಲೆ ನೆನಪಿಸಿಕೊಳ್ಳಿ. ನಡುವೆ ಒಂದು ಕಡ್ಡಿ, ಎರಡು ಕಡೆ ಕುಡುಗೋಲಿನ ಹಾಗೆ ಬಾಗಿದ ಎಲೆಗಳು, ಅಷ್ಟೇ. ಹೆಬ್ಬೇವಿನಲ್ಲಿ ನಡುಕಡ್ಡಿಯಿಂದ ಮತ್ತೆ ಪಕ್ಕದ ಕಡ್ಡಿಗಳು ಹೊರಟು, ಅವುಗಳ ಮೇಲೆ ಎಲೆಗಳಿರುತ್ತವೆ. ಅಂದರೆ ಕವಲಿನಲ್ಲಿ ಕವಲು. ಬೇವಿನ ತೊಗಟೆ ಬಲಿತ ಮೇಲೆ ಒರಟು, ಸೀಳುಸೀಳು. ಎಳೇ ಹೆಬ್ಬೇವಿನ ತೊಗಟೆ ನುಣುಪು, ಕಂದು. ಬೇವಿನ ಹಣ್ಣು ಸಣ್ಣದು, ಹಳದಿ. ಹೆಬ್ಬೇವಿನ ಕಾಯಿ ದಪ್ಪ.

ಮೂರು ಜಾಲಿಗಳು

ಕರಿಜಾಲಿ, ಬಿಳಿಜಾಲಿ, ಬಳ್ಳಾರಿ ಜಾಲಿ, ಮೂರಕ್ಕೂ ಮುಳ್ಳು, ಮೂರಕ್ಕೂ ಸಣ್ಣಸಣ್ಣ ಎಲೆ. ದೂರದಿಂದ ಒಂದೇ.

ಕರಿಜಾಲಿ: ತೊಗಟೆ ಕಪ್ಪು, ಆಳವಾದ ಸೀಳು. ಹೂವು ಹಳದಿ ಗುಂಡು. ಕಾಯಿ ಮಣಿ ಪೋಣಿಸಿದ ಸರದ ಹಾಗೆ ಬೀಜಬೀಜಕ್ಕೂ ಸೊಂಟ ಕಟ್ಟಿರುತ್ತೆ.

ಬಿಳಿಜಾಲಿ: ತೊಗಟೆ ಬಿಳಿ ಮಿಶ್ರಿತ ಹಳದಿ, ಚಕ್ಕೆ ಏಳುತ್ತೆ. ಹೂವು ಕೆನೆ ಬಣ್ಣ, ಕೊಂಬೆಯ ತುದಿಯಲ್ಲಿ ದೊಡ್ಡ ಗೊಂಚಲು.

ಬಳ್ಳಾರಿ ಜಾಲಿ: ಹೂವು ಗುಂಡಲ್ಲ, ಬೆರಳುದ್ದದ ತೆನೆ. ಕಾಯಿ ಹಳದಿ, ಸಿಹಿ, ಆಡು ಕುರಿ ತಿನ್ನುತ್ತವೆ. ಇದು ನಮ್ಮ ದೇಶದ್ದೇ ಅಲ್ಲ, ಅಮೆರಿಕ ಖಂಡದಿಂದ ಬಂದದ್ದು.

ಕರಿಜಾಲಿಯ ಚೇಗು ನೇಗಿಲಿಗೆ, ಗಾಡಿ ಚಕ್ರಕ್ಕೆ ಹೆಸರಾದದ್ದು. ಬಳ್ಳಾರಿ ಜಾಲಿ ಸೌದೆಗೆ, ಇದ್ದಿಲಿಗೆ ಒಳ್ಳೇದು. ಬಿಲ್ಲಿಗೆ ಮೂರೂ ಬೇಡ. ಕೊಂಬೆ ಸೊಟ್ಟ, ಗಂಟು ಹೆಚ್ಚು, ಮುಳ್ಳು ಚುಚ್ಚಿದರೆ ಕೀವಾಗುತ್ತೆ.

ಹೆಸರು ಕೇಳಿ ಮೋಸ ಹೋಗಬೇಡಿ: ಅರ್ಜುನ ಮರ

ಹೊಳೆಮತ್ತಿಗೆ ಪುಸ್ತಕದಲ್ಲಿ ಅರ್ಜುನ ಮರ ಎಂದು ಹೆಸರಿದೆ. ಹೆಸರೇ ಅರ್ಜುನ ಅಂದಮೇಲೆ ಗಾಂಡೀವ ಇದರಲ್ಲೇ ಮಾಡಿರಬೇಕು ಎಂದು ನಮ್ಮ ತರಗತಿಯಲ್ಲಿ ಒಂದು ದಿನ ವಾದವೇ ನಡೆಯಿತು. ಆದರೆ ಅರ್ಜುನ ಎಂಬ ಮಾತಿಗೆ ಬಿಳಿ ಎಂದು ಅರ್ಥ. ಈ ಮರದ ತೊಗಟೆ ಬಿಳಿ ಬೂದು ಬಣ್ಣ, ನುಣುಪು, ಚಕ್ಕೆಚಕ್ಕೆಯಾಗಿ ಕಳಚುತ್ತೆ. ಅದಕ್ಕೇ ಆ ಹೆಸರು. ಬಿಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಇದರ ಅಣ್ಣತಮ್ಮ ಕರಿಮತ್ತಿ. ಅದರ ತೊಗಟೆ ಕಪ್ಪು, ಮೊಸಳೆ ಚರ್ಮದ ಹಾಗೆ ಚೌಕಚೌಕ ಸೀಳಿರುತ್ತೆ. ಎರಡರ ಕಾಯಿಗೂ ಐದು ರೆಕ್ಕೆ. ಹೊಳೆಮತ್ತಿಯ ರೆಕ್ಕೆ ಕಿರಿದು, ಕರಿಮತ್ತಿಯ ರೆಕ್ಕೆ ಅಗಲ. ಹೊಳೆಮತ್ತಿ ನೀರಿನ ದಡ ಬಿಟ್ಟು ಹೋಗುವುದು ಅಪರೂಪ. ಮುತ್ತತ್ತಿಯಲ್ಲಿ ಕಾವೇರಿ ದಡದ ದೊಡ್ಡದೊಡ್ಡ ಮರಗಳು ಇವೇ. ಕರಿಮತ್ತಿ ಮನೆ ತೊಲೆಗೆ ಬರುವ ಮರ. ಎರಡೂ ಬಿಲ್ಲಿನವಲ್ಲ.

ನಿಜವಾದ ಬಿಲ್ಲಿನ ಮರ: ತಡಸಲು

ಸಂಸ್ಕೃತದಲ್ಲಿ ಧನುರ್ವೃಕ್ಷ, ಅಂದರೆ ಬಿಲ್ಲಿನ ಮರ ಎಂದೇ ಒಂದು ಮರಕ್ಕೆ ಹೆಸರಿದೆ. ಅದು ಕನ್ನಡದ ತಡಸಲು. ಕೆಲವರು ದಡಸಲು ಎನ್ನುತ್ತಾರೆ. ಬಿಳಿಗಿರಿರಂಗನ ಬೆಟ್ಟದಂಥ ಎಲೆ ಉದುರುವ ಕಾಡುಗಳಲ್ಲಿ ಬೆಳೆಯುತ್ತೆ. ಮರ ಗಟ್ಟಿ ಮತ್ತು ಬಹಳ ಬಾಗುಳ್ಳದ್ದು. ಅದಕ್ಕೇ ಗಾಡಿಯ ಮೂಕಿ, ಕೊಡಲಿ ಕಾವು, ದೋಣಿಯ ಹುಟ್ಟು ಮಾಡಲು ಬಳಸುತ್ತಿದ್ದರು. ಏಟು ಬಿದ್ದರೂ ಒಡೆಯಲ್ಲ, ಅದುರಿ ಸುಮ್ಮನಾಗುತ್ತೆ.

ಇದರ ಎಲೆಯ ಬುಡ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ಬುಡದಿಂದಲೇ ನಾಲ್ಕೈದು ನರ ಹೊರಡುತ್ತವೆ. ಅಂಚು ಗರಗಸ. ಹೂವು ಸಣ್ಣದು, ಹಳದಿ. ಹಣ್ಣು ಬಟಾಣಿಯಷ್ಟು, ಮಾಗಿದರೆ ಕಪ್ಪು, ತಿನ್ನಬಹುದು. ಮುಳ್ಳಿಲ್ಲ.

ಇದರ ಜೊತೆ ಎರಡು ಮರ ಗೊಂದಲ ಮಾಡುತ್ತವೆ. ಒಂದು ಎಲಚಿ. ಅದರ ಎಲೆಯ ಬುಡದಿಂದಲೂ ಮೂರು ನರ ಹೊರಡುತ್ತವೆ. ಆದರೆ ಎಲಚಿಗೆ ಮುಳ್ಳು ಇದೆ, ಎಲೆಯ ಕೆಳಮೈ ಬಿಳಿ ಉಣ್ಣೆಯ ಹಾಗೆ ಇರುತ್ತೆ. ಇನ್ನೊಂದು ತಪಸಿ. ಇಲ್ಲಿ ಗೊಂದಲ ಹೆಸರಿನದು. ತಡಸಲು, ತಪಸಿ ಎಂದು ಬೇಗ ಹೇಳಿದರೆ ಕೇಳಿದವರಿಗೆ ಒಂದೇ. ತಪಸಿ ಎಲೆಯನ್ನು ಉಜ್ಜಿದರೆ ಕೆಟ್ಟ ವಾಸನೆ ಬರುತ್ತೆ, ಬೀಜಕ್ಕೆ ಸುತ್ತ ಕಾಗದದಂಥ ರೆಕ್ಕೆ ಇರುತ್ತೆ, ಗಾಳಿಗೆ ಹಾರುತ್ತೆ. ತಪಸಿ ಬಿಲ್ಲಿಗಲ್ಲ.

ತಡಸಲನ್ನು ಗುರುತು ಹಿಡಿಯಲು ಕಲಿಯೋಣ, ಕಡಿಯಲು ಅಲ್ಲ. ಕಾಡಿನ ಮರ ಕಾಡಿನಲ್ಲೇ ಇರಲಿ.

ಎಲ್ಲರೂ ಓದಲೇಬೇಕಾದ ಭಾಗ: ಬಂದರೆ ಮತ್ತು ಕಣಗಿಲೆ

ಬಾಣಕ್ಕೆ ನೆಟ್ಟಗಿರುವ ಕಡ್ಡಿ ಬೇಕು. ಬಂದರೆ ಗಿಡದ ಕಡ್ಡಿ ನೆಟ್ಟಗೆ, ಗಟ್ಟಿಯಾಗಿ ಇರುತ್ತೆ. ಆದರೆ ಕಣಗಿಲೆ ಕಡ್ಡಿಯೂ ನೆಟ್ಟಗೇ ಇರುತ್ತೆ. ಎರಡಕ್ಕೂ ಉದ್ದ ಕಿರಿದು ಎಲೆ.

ಕಣಗಿಲೆ ವಿಷ. ಎಲೆ, ಕಡ್ಡಿ, ಹೂವು, ಬೇರು, ಬೀಜ ಎಲ್ಲವೂ ವಿಷ. ಅದರ ವಿಷ ನೇರವಾಗಿ ಹೃದಯದ ಬಡಿತವನ್ನು ಕೆಡಿಸುತ್ತೆ. ಹಳದಿ ಹೂವಿನ ಕಣಗಿಲೆಯೂ ಹಾಗೇ, ಅದರ ಬೀಜ ಇನ್ನೂ ಕೆಟ್ಟದ್ದು. ನಾವು ಕಡ್ಡಿ ಸಿಪ್ಪೆ ಸುಲಿಯುವಾಗ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತೇವೆ ಅಲ್ಲವಾ? ಅಲ್ಲೇ ಅಪಾಯ. ಒಣಗಿದ ಕಡ್ಡಿಯನ್ನು ಒಲೆಗೆ ಹಾಕಿದರೆ ಹೊಗೆಯೂ ಒಳ್ಳೇದಲ್ಲ.

ಗುರುತು ಹೀಗಿದೆ:

ಕಣಗಿಲೆ (ಕೆಂಪು, ಬಿಳಿ ಹೂವು): ಒಂದೇ ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆ ಸುತ್ತಲೂ ಹೊರಡುತ್ತವೆ. ಎಲೆ ದಪ್ಪ, ತೊಗಲಿನ ಹಾಗೆ.

ಹಳದಿ ಕಣಗಿಲೆ: ಎಲೆ ಒಂದೊಂದಾಗಿ, ಮುರಿದರೆ ಬಿಳಿ ಹಾಲು. ಹೂವು ಗಂಟೆಯ ಹಾಗೆ, ಕಾಯಿ ಹಸಿರು, ಮೂಲೆಮೂಲೆ.

ಬಂದರೆ: ಎಲೆ ಒಂದೊಂದಾಗಿ, ಹೊಳಪು, ಮುಟ್ಟಿದರೆ ಅಂಟುಅಂಟು. ಹಾಲು ಇಲ್ಲ. ಕಾಯಿಗೆ ಕಾಗದದಂಥ ರೆಕ್ಕೆಗಳು, ಒಣಗಿದರೆ ಗಲಗಲ ಅನ್ನುತ್ತೆ.

ಒಂದು ಅನುಮಾನ ಬಂದರೂ ಆ ಕಡ್ಡಿ ಬಿಡಿ, ಕೈ ತೊಳೆಯಿರಿ. ಯಾರಾದರೂ ಕಚ್ಚಿಬಿಟ್ಟಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಕೂಡಲೇ ದೊಡ್ಡವರಿಗೆ ಹೇಳಿ, ಆಸ್ಪತ್ರೆಗೆ ಹೋಗಬೇಕು, ಗಿಡದ ಚೂರನ್ನೂ ಡಾಕ್ಟರಿಗೆ ತೋರಿಸಬೇಕು.

ನಾಟಕದ ಬಾಣಕ್ಕೆ ನಮ್ಮೂರಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಕಬ್ಬಿನ ಸೂಲಂಗಿಯ ಕಡ್ಡಿ. ನೆಟ್ಟಗೆ, ಹಗುರ, ವಿಷ ಇಲ್ಲ, ಯಾರೂ ಬೇಡ ಅನ್ನಲ್ಲ. ಇಂಗ್ಲಿಷಿನಲ್ಲಿ ಕಬ್ಬಿನ ಸೂಲಂಗಿಗೆ ಬಾಣ ಎಂದೇ ಹೆಸರು. ತುದಿಗೆ ಬಟ್ಟೆಯ ಉಂಡೆ ಕಟ್ಟಿ.

ನಾನು ಮಾಡಿದ ಪರೀಕ್ಷೆ

ಸವರಿ ಹಾಕಿದ್ದ ಕೊಂಬೆಗಳಿಂದ ಐದು ಕೋಲು ಆರಿಸಿದೆ. ಎಲ್ಲವೂ ಒಂದು ಮೀಟರ್ ಉದ್ದ, ಹೆಬ್ಬೆರಳು ದಪ್ಪ. ಎರಡು ವಾರ ನೆರಳಲ್ಲಿ ಒಣಗಿಸಿ, ಎರಡು ತುದಿಗೂ ಇಟ್ಟಿಗೆ ಕೊಟ್ಟು, ಮುಖಕ್ಕೆ ಟವೆಲ್ ಸುತ್ತಿಕೊಂಡು ನಡುವೆ ನಿಧಾನವಾಗಿ ಒತ್ತಿದೆ.

ಬಿದಿರು ದಬ್ಬೆ: ಚೆನ್ನಾಗಿ ಬಗ್ಗಿ, ಪೂರ್ತಿ ನೆಟ್ಟಗಾಯಿತು.
ಬೇವು: ಸುಮಾರಾಗಿ ಬಗ್ಗಿತು, ಸ್ವಲ್ಪ ಸೊಟ್ಟ ಉಳಿಯಿತು.
ಹೊಂಗೆ: ಗಂಟಿನ ಹತ್ತಿರ ಬಿರುಕು.
ಕರಿಜಾಲಿ: ಬಗ್ಗಲೇ ಇಲ್ಲ, ಆಮೇಲೆ ಸೀಳಿತು.
ಹೆಬ್ಬೇವು: ಒಂದೇ ಸಲಕ್ಕೆ ಎರಡು ತುಂಡು.

ಬೇರೆ ದೇಶದವರು ಏನು ಮಾಡಿದರು?

1991ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದಲ್ಲಿ, ಆಸ್ಟ್ರಿಯಾ ಮತ್ತು ಇಟಲಿ ಗಡಿಯ ಹಿಮದಲ್ಲಿ, ಸುಮಾರು 5300 ವರ್ಷ ಹಿಂದೆ ಸತ್ತ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅವನ ಹತ್ತಿರ ಇನ್ನೂ ಪೂರ್ತಿ ಕೆತ್ತದ ಒಂದು ಬಿಲ್ಲು ಇತ್ತು. ಅದು ಯೂ ಎಂಬ ಮರದ್ದು. ಬಾಣಗಳು ಮಾತ್ರ ಬೇರೆ ಗಿಡದ ಕಡ್ಡಿಯವು. ಅಂದರೆ ಅಕ್ಷರ ಇಲ್ಲದ ಆ ಕಾಲದಲ್ಲೂ ಯಾವ ಕೆಲಸಕ್ಕೆ ಯಾವ ಮರ ಎಂದು ಅವನಿಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿದವು, ಅವೂ ಯೂ ಮರದವು. ಯೂ ಮರದ ಎಲೆ, ಬೀಜವೂ ವಿಷವೇ. ಅವರೂ ನಮ್ಮ ಹಾಗೇ ಎಚ್ಚರದಿಂದ ಇರಬೇಕಾಗಿತ್ತು.

ನಮ್ಮ ದೇಶದ ಲಿಂಬಾ ರಾಮ್ ರಾಜಸ್ಥಾನದ ಬುಡಕಟ್ಟಿನ ಹುಡುಗ. ಬಿದಿರಿನ ಬಿಲ್ಲಿನಲ್ಲಿ ಕಲಿತು ಮೂರು ಒಲಿಂಪಿಕ್ಸ್‌ಗೆ ಹೋದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ ಅವುಗಳಲ್ಲಿ ಒಂದು. ಆದ್ದರಿಂದ ಬಿದಿರಿನ ಬಿಲ್ಲು ಅಂತ ಯಾರೂ ಹಗುರವಾಗಿ ಮಾತಾಡಬಾರದು.

ಎಲ್ಲಿ ಕಡಿಯಬಾರದು?

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾಡು ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. ಅದು 1987ರಲ್ಲಿ ಆದದ್ದು. ಅಲ್ಲಿ ಒಂದು ಕಡ್ಡಿ ಕಡಿದರೂ ಅಪರಾಧ. ಬಿದಿರಿನ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಬದಲಾಯಿಸಿ, ಕಾಡಿನ ಹೊರಗೆ ಬೆಳೆದ ಬಿದಿರು ಮರದ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. ಕಾಡಿನ ಒಳಗಿನ ಬಿದಿರಿಗೆ ಇದು ಅನ್ವಯಿಸಲ್ಲ. ಹೊಲದ ಬಿದಿರಾದರೂ ಹೊಲದವರನ್ನು ಕೇಳದೆ ಮುಟ್ಟಬಾರದು.

ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಕೊಂಬೆ ಎಲ್ಲೇ ಆಗಲಿ ಮುಟ್ಟಬೇಡಿ. ಬಿಲ್ಲು ಮಾಡಿ ಹಕ್ಕಿಗೆ ಹೊಡೆಯುವುದಂತೂ ಬೇಡವೇ ಬೇಡ.

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ರಸ್ತೆ ಅಗಲ ಮಾಡುವಾಗ ಪಕ್ಕದ ಮರಗಳು ಬಹಳ ಹೋದವು. ತಾತ ಆ ಮರಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾರೆ. ನಮಗೆ ಉಳಿದಿರುವ ಮರಗಳ ಹೆಸರೇ ಬರಲ್ಲ. ಹೆಸರು ಗೊತ್ತಿಲ್ಲದ ಮರ ಕಡಿದರೆ ಹೋದದ್ದು ಏನು ಎಂಬುದೂ ಗೊತ್ತಾಗಲ್ಲ.

ನೆನಪಿಡಿ

1. ಮೂರು ಗುರುತು ಕೂಡದೆ ಹೆಸರು ಹೇಳಬೇಡಿ.
2. ಬಿಲ್ಲಿಗೆ ಮೂರು ವರ್ಷದ ಬಿದಿರು, ಬಾಣಕ್ಕೆ ಸೂಲಂಗಿ.
3. ಕಡ್ಡಿಯನ್ನು ಹಲ್ಲಿನಲ್ಲಿ ಸುಲಿಯಬೇಡಿ.
4. ಒಂದು ಬಿಲ್ಲಿಗೆ ಒಂದು ದಬ್ಬೆ ಸಾಕು. ಒಂದು ಬಲಿತ ಗಳ ಸೀಳಿದರೆ ಆರೂ ಬಿಲ್ಲು ಆಗುತ್ತೆ. ಆರು ಜನ ಆರು ಕಡೆ ಕಡಿಯಬೇಕಾಗಿಲ್ಲ.
5. ಯಾರ ಮುಖಕ್ಕೂ ಗುರಿ ಇಡಬೇಡಿ, ಬಾಣ ಇಲ್ಲದಿದ್ದರೂ ಸಹ.

ಈ ಹಾಳೆಯ ಕೆಳಗೆ ಬೇವು, ಹೆಬ್ಬೇವು, ಎಲಚಿ, ತಪಸಿ, ಬಂದರೆ ಎಲೆಗಳನ್ನು ಒಣಗಿಸಿ ಅಂಟಿಸಿದ್ದೇನೆ. ಕಣಗಿಲೆ ಎಲೆ ಅಂಟಿಸಿಲ್ಲ, ಚಿಕ್ಕ ತರಗತಿಯವರು ಕಿತ್ತು ಬಾಯಿಗೆ ಹಾಕಿಕೊಂಡಾರು ಎಂದು ಚಿತ್ರ ಬರೆದಿದ್ದೇನೆ. ತಡಸಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಯಾರಾದರೂ ನೆಂಟರ ಊರಿಗೆ ಬೆಟ್ಟದ ಕಡೆ ಹೋದರೆ, ನೆಲಕ್ಕೆ ಬಿದ್ದ ಒಂದು ಎಲೆ ತಂದು ಕೊಡಿ. ಬುಡದ ನರ ಎಣಿಸಿ ನೋಡಿಯೇ ಅಂಟಿಸೋಣ.

ಇಂತಿ,
7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ
ಸೋಮನಹಳ್ಳಿ